ಪರೀಕ್ಷೆಯಲ್ಲಿ ಪಾಸಾದ ನೀರು

ಮೆಕ್ಸಿಕೋ ನಗರದ ಇಸ್ತಪಲಾಪಾದಲ್ಲಿ, ಗುಡ್ಡದ ಮಗ್ಗುಲಿಗೆ ಅಂಟಿಕೊಂಡಿರುವ ನೊಪಾಲ್ ಗಲ್ಲಿಯವರು ನಲ್ಲಿ ನೀರಿಗೆ ಬಣ್ಣ ನೋಡಿ ಹೆಸರಿಟ್ಟಿದ್ದರು. ಹಳದಿಯಾಗಿ ಬಂದರೆ ಹುಣಸೆ ಪಾನಕ. ಕೆಂಪಗೆ ಬಂದರೆ ದಾಸವಾಳದ ಪಾನಕ. ಬೆಳ್ಳಗೆ ನೊರೆ ಕಟ್ಟಿಕೊಂಡು ಬಂದರೆ ಅಕ್ಕಿ ಪಾನಕ. ಏನೂ ಬಾರದೆ ನಲ್ಲಿ ಬರೀ ಸುಯ್ಯೆಂದು ಉಸಿರು ಬಿಟ್ಟರೆ, “ಇವತ್ತು ಅಂಗಡಿ ರಜೆ” ಎಂದು ಒಬ್ಬರಿಗೊಬ್ಬರು ಕೂಗಿ ಹೇಳಿ, ಖಾಲಿ ಬಕೆಟುಗಳನ್ನು ಬೋರಲು ಹಾಕುತ್ತಿದ್ದರು.

ಈ ತಮಾಷೆಗೆ ನಗದವಳು ಇಡೀ ಗಲ್ಲಿಯಲ್ಲಿ ಒಬ್ಬಳೇ, ಕೊನೆಯ ಮನೆಯ ದೋನ್ಯಾ ಕಸಿಲ್ದಾ. ದೋನ್ಯಾ ಎಂದರೆ ಅಲ್ಲಿ ‘ಅಮ್ಮನವರು’ ಎಂದ ಹಾಗೆ. ಅವಳಿಗೆ ನಗು ಬಾರದೆ ಇರಲಿಲ್ಲ, ನಾಚಿಕೆ ಬರುತ್ತಿತ್ತು. ದಿನವೂ ನೆಲ ಒರೆಸಿ, ಪಾತ್ರೆ ತಿಕ್ಕಿ, ತಾನು ಉಡುವ ಏಪ್ರನ್ನಿಗೂ ಇಸ್ತ್ರಿ ಹಾಕುವ ಹೆಂಗಸು ಅವಳು. ಅಂಥ ಮನೆಯೊಳಗೆ ಅಂಥ ನೀರು ಬರುತ್ತದೆ ಎಂದರೆ, ತೊಟ್ಟಿಲು ಕಟ್ಟಿದ ಮನೆಗೆ ಕುಡುಕ ನೆಂಟ ತೂರಾಡುತ್ತ ಬಂದ ಹಾಗೆ. ಬಂದವನನ್ನು ಹೊರಗೆ ಹಾಕುವಂತಿಲ್ಲ, ನಾಲ್ಕು ಜನಕ್ಕೆ ತೋರಿಸುವಂತೆಯೂ ಇಲ್ಲ. ಆದ್ದರಿಂದ ಕಸಿಲ್ದಾ ನೀರಿನ ಮಾತು ಬಂದಾಗಲೆಲ್ಲ, “ನಮ್ಮನೇಲಿ ಅಷ್ಟೇನಿಲ್ಲಪ್ಪ” ಎಂದು ಮಾತು ತೇಲಿಸಿಬಿಡುತ್ತಿದ್ದಳು.

ಆ ‘ಅಷ್ಟೇನಿಲ್ಲ’ ಅವಳಿಗೆ ದುಬಾರಿಯಾದದ್ದು ಮೊಮ್ಮಗನ ವಿಷಯದಲ್ಲಿ.

ಮಗ ರುತೀಲಿಯೊ ನಗರದ ಇನ್ನೊಂದು ತುದಿಯಲ್ಲಿದ್ದ. ಅವನ ಹೆಂಡತಿ ಯಾದಿರಾ ಬೇಸಿಗೆಯ ಆರಂಭದಲ್ಲಿ ಕೂಸನ್ನು ಎತ್ತಿಕೊಂಡು ಗಂಡನ ಜೊತೆ ಅತ್ತೆಯ ಮನೆಗೆ ಬಂದಿದ್ದಳು. ಕೂಸಿನ ಹೆಸರು ಲಿಯೊನೆಲ್. ತೋಳಿನ ಮಡಿಕೆಗಳೊಳಗೆಲ್ಲ ಪೌಡರು ಮೆತ್ತಿಕೊಂಡ ದುಂಡು ಮಗು. ಕಸಿಲ್ದಾ ಅದನ್ನು ಕಲಾಯಿ ಬೋಗುಣಿಯಲ್ಲಿ ಕೂರಿಸಿ, ಹಾಡು ಹೇಳಿ, ನಲ್ಲಿ ನೀರಲ್ಲಿ ಚೆನ್ನಾಗಿ ಮೀಯಿಸಿದಳು. ಸಂಜೆಯ ಹೊತ್ತಿಗೆ ಮಗುವಿನ ಮೈತುಂಬ ಕೆಂಪು ದದ್ದು.

“ಅತ್ತೆ, ಇದು ನಿಮ್ಮನೆ ನೀರಿಂದ್ಲೇ ಆಗಿರೋದು,” ಎಂದಳು ಯಾದಿರಾ.

“ನಮ್ಮನೆ ನೀರಿಗೆ ಏನಾಗಿದೆ? ನಿನ್ನ ಗಂಡನ್ನ ಇದೇ ನೀರಲ್ಲಿ ತೊಳೆದು ದೊಡ್ಡೋನ್ನಾಗಿ ಮಾಡಿದ್ದು ನಾನು!”

ಯಾದಿರಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. “ಅದಕ್ಕೇ ನಂಗೆ ಭಯ,” ಎಂದಳು.

ರುತೀಲಿಯೊ ಹೆಂಡತಿಯ ಪರ ವಹಿಸುವುದೋ ತಾಯಿಯ ಪರ ವಹಿಸುವುದೋ ತಿಳಿಯದೆ ಬೆಕ್ಕಿನ ಪರ ವಹಿಸಿ, ಅದಕ್ಕೆ ಹಾಲು ಹಾಕಲು ಎದ್ದುಹೋದ. ಯಾದಿರಾ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. “ಅತ್ತೆ, ನಂಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಈ ನೀರು ಸರಿ ಹೋಗೋವರೆಗೂ ನನ್ನ ಮಗು ಈ ಮನೆಗೆ ಬರಲ್ಲ,” ಎಂದು ಹೇಳಿ ಹೊರಟೇಬಿಟ್ಟಳು. ಅಂದಿನಿಂದ ಕಸಿಲ್ದಾ ಮೊಮ್ಮಗನನ್ನು ಕಂಡದ್ದೆಲ್ಲ ಮೊಬೈಲಿನಲ್ಲಿ. ಅವನಿಗೆ ಹಲ್ಲು ಬಂದದ್ದೂ ಅದರೊಳಗೇ, ಅವನು ಅಂಬೆಗಾಲಿಟ್ಟದ್ದೂ ಅದರೊಳಗೇ. ಅವಳು ಆ ಗಾಜಿಗೆ ಮುತ್ತಿಟ್ಟು ಮುತ್ತಿಟ್ಟು, ಕೊನೆಗೆ ಅದನ್ನೂ ಏಪ್ರನ್ನಿನಲ್ಲಿ ಒರೆಸಿ ಇಡುತ್ತಿದ್ದಳು.

ಗಲ್ಲಿಯವರ ಮುಖಂಡ ದೋನ್ ಅಬುಂದಿಯೊ, ಬಸ್ಸು ಓಡಿಸಿ ನಿವೃತ್ತನಾದವನು. ಬಸ್ಸು ಬಿಟ್ಟರೂ ಕೂಗುವ ಚಟ ಬಿಡದೆ ಒಂದು ಧ್ವನಿವರ್ಧಕ ಇಟ್ಟುಕೊಂಡಿದ್ದ. ಎದುರಿಗೆ ನಿಂತವರ ಹತ್ತಿರ ಮಾತಾಡುವುದಕ್ಕೂ ಅದೇ ಬೇಕು ಅವನಿಗೆ. ಅವನು ನೀರಿನ ಕಚೇರಿಗೆ ಅಲೆದಾಗಲೆಲ್ಲ ಸಿಗುತ್ತಿದ್ದ ಉತ್ತರ ಒಂದೇ: ನಾವು ಕಳಿಸುವ ನೀರು ಶುದ್ಧವಾಗಿಯೇ ಇದೆ, ಗಲೀಜಿರುವುದು ನಿಮ್ಮ ನಿಮ್ಮ ಮನೆಯ ಟ್ಯಾಂಕಿನಲ್ಲಿ. ಅಲೆದೂ ಅಲೆದೂ ಕಡೆಗೆ ಕಚೇರಿಯವರು ಒಪ್ಪಿದರು. ಒಂದು ಮನೆಯಿಂದ ನೀರು ಒಯ್ದು ಪರೀಕ್ಷೆ ಮಾಡುತ್ತೇವೆ. ಕೆಟ್ಟಿದ್ದರೆ ಹಳೆಯ ಪೈಪು ಕಿತ್ತು ಹೊಸದು ಹಾಕುತ್ತೇವೆ. ಚೆನ್ನಾಗಿದ್ದರೆ ಆ ಪೈಪು ಬೇರೆ ಬಡಾವಣೆಗೆ ಹೋಗುತ್ತದೆ.

“ನೀರು ಕೊಡೋ ಮನೆ ಕಸಿಲ್ದಾದು!” ಎಂದು ಅಬುಂದಿಯೊ ಧ್ವನಿವರ್ಧಕದಲ್ಲಿ ಸಾರಿದ. “ಅವಳ ಮನೇಲಿ ಕಸ ಕಂಡ್ರೆ ಅದು ಪೈಪಲ್ಲೇ ಬಂದಿರ್ಬೇಕು. ಬೇರೆ ದಾರಿಯಿಂದ ಒಳಗೆ ಬರೋಕೆ ಕಸಕ್ಕೂ ಧೈರ್ಯ ಇಲ್ಲ!”

“ಯಾಕೆ, ನನ್ನ ಮನೆಗೆ ಏನಾಗಿದೆ?” ಎಂದು ಕೇಳಿದಳು ಪಕ್ಕದ ಮನೆಯ ಕೂಕಾ. ಇವಳು ರುತೀಲಿಯೊನನ್ನು ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಎತ್ತಿಕೊಂಡು ನಿಂತ ಧರ್ಮತಾಯಿ. ಆ ನಂಟಿನಿಂದ ಅವಳೂ ಕಸಿಲ್ದಾಳೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು.

“ನಿನ್ನ ಟ್ಯಾಂಕಲ್ಲಿ ಪಾರಿವಾಳ ಬಿದ್ದು ಸತ್ತಿದ್ದು ಊರಿಗೆಲ್ಲ ಗೊತ್ತು ತಾಯಿ.”

“ಒಂದೇ ಒಂದು ಪಾರಿವಾಳ! ಅದೂ ಹೋದ ವರ್ಷ!”

ಹೀಗೆ ಕಸಿಲ್ದಾಳ ಮನೆ ಗೊತ್ತಾಯಿತು. ಅವಳಿಗಂತೂ ಸಂತೋಷವೇ. ನೀರು ಪರೀಕ್ಷೆಯಲ್ಲಿ ಫೇಲಾದರೆ ಪೈಪು ಬರುತ್ತದೆ, ಪೈಪು ಬಂದರೆ ಲಿಯೊನೆಲ್ ಬರುತ್ತಾನೆ. ಅವಳು ಮಾಡಬೇಕಾದದ್ದು ಏನೂ ಇರಲಿಲ್ಲ. ನಲ್ಲಿ ತೋರಿಸಿ ಸುಮ್ಮನೆ ನಿಂತರೆ ಸಾಕಿತ್ತು. ಕಸಿಲ್ದಾಳಿಗೆ ಬಾರದಿದ್ದದ್ದು ಅದೊಂದೇ, ಮನೆಗೆ ಯಾರಾದರೂ ಬಂದಾಗ ಸುಮ್ಮನೆ ನಿಲ್ಲುವುದು.

ನೀರು ಒಯ್ಯುವವನು ಬಂದದ್ದು ಉರಿಬಿಸಿಲಿನ ಮಧ್ಯಾಹ್ನ. ಬರುವ ಹೊತ್ತಿಗೆ ಗಲ್ಲಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಮೇಲಿನ ರಸ್ತೆಗೆ ನೀರಿನ ಟ್ಯಾಂಕರ್ ಬಂದಿದೆಯೆಂದು ಸುದ್ದಿಯಾಗಿ, ಅಬುಂದಿಯೊ, ಕೂಕಾ ಎಲ್ಲರೂ ಬಕೆಟು ಹಿಡಿದು ಗುಡ್ಡ ಹತ್ತಿದ್ದರು. ಆಗ ತಾನೇ ಒರೆಸಿದ ನೆಲ ಒಣಗಲೆಂದು ಕಸಿಲ್ದಾ ಒಬ್ಬಳೇ ಮನೆಯಲ್ಲಿದ್ದಳು.

ವೆನ್ಸೆಸ್ಲಾವೊ ಎಂಬ ಆ ಮನುಷ್ಯ ನಡುವಯಸ್ಸಿನವನು, ದಪ್ಪಗಿದ್ದ, ಮೈಯೆಲ್ಲ ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಒಂದು ಕೈಯಲ್ಲಿ ಐಸ್ ತುಂಬಿದ ಡಬ್ಬ, ಇನ್ನೊಂದು ಕೈಯಲ್ಲಿ ಬೆಂಕಿ ಉಗುಳುವ ಸಣ್ಣ ಗ್ಯಾಸಿನ ದೀಪ. ಅವನು ನೇರವಾಗಿ ಅಂಗಳದ ನಲ್ಲಿಯ ಹತ್ತಿರ ಹೋಗಿ ಅದರ ಮೂತಿಗೆ ಬೆಂಕಿ ಹಿಡಿದ.

“ಅಯ್ಯೋ, ಏನಪ್ಪ ಮಾಡ್ತಿದೀಯ! ನಲ್ಲಿಗೆ ಬೆಂಕಿ ಇಡ್ತೀಯಾ?”

“ಕ್ರಿಮಿ ಸಾಯ್ಲಿ ಅಂತ ಅಮ್ಮ. ನಲ್ಲಿ ಬಾಯಲ್ಲಿರೋ ಕೊಳೆ ನೀರಿಗೆ ಸೇರಬಾರದು.”

“ನಮ್ಮನೆ ನಲ್ಲಿ ಬಾಯಲ್ಲಿ ಕೊಳೆಯಾ? ಬೆಳಿಗ್ಗೆ ನಿಂಬೆಹಣ್ಣು ಹಾಕಿ ಉಜ್ಜಿದೀನಿ ನಾನು!”

ವೆನ್ಸೆಸ್ಲಾವೊ ಕ್ಷಮೆ ಕೇಳಿ, ಕೈಗವಸು ಹಾಕಿಕೊಂಡು, ಬಲು ಜೋಪಾನವಾಗಿ ನಲ್ಲಿ ತಿರುಗಿಸಿದ. ನಲ್ಲಿ ಸುಯ್ಯೆಂದಿತು. ಇನ್ನಷ್ಟು ತಿರುಗಿಸಿದ. ಗೊರಗೊರ ಎಂದು ನಿದ್ದೆಯಲ್ಲಿರುವವರ ಹಾಗೆ ಸದ್ದು ಮಾಡಿ ಸುಮ್ಮನಾಯಿತು. ಅಂಗಡಿ ರಜೆ. ಮಾಳಿಗೆಯ ಮೇಲಿನ ಟ್ಯಾಂಕನ್ನು ಕಸಿಲ್ದಾ ಹಿಂದಿನ ದಿನವೇ, ಕಚೇರಿಯವರು ಬಂದಾಗ ಚೊಕ್ಕಟವಾಗಿ ಕಾಣಲಿ ಎಂದು ಖಾಲಿ ಮಾಡಿ ತಿಕ್ಕಿ ಬೋರಲು ಹಾಕಿದ್ದಳು.

ಅವನು ಕಲ್ಲಿನ ಮೇಲೆ ಕುಸಿದು ಕೂತ. “ಹೋದ ವಾರ ಒಂದು ಗಲ್ಲಿಗೆ ಹೋದೆ, ನೀರಿಲ್ಲ. ಮೊನ್ನೆ ಇನ್ನೊಂದು ಗಲ್ಲಿ, ನೀರಿಲ್ಲ. ನೀರಿಲ್ಲದ ಕಡೆ ನೀರು ಪರೀಕ್ಷೆ ಮಾಡು ಅಂತಾರೆ. ಇವತ್ತೂ ಕೈಬೀಸ್ಕೊಂಡು ಹೋದ್ರೆ ನಮ್ಮ ಸಾಹೇಬ್ರು ನನ್ನನ್ನೇ ಬಾಟ್ಲಿಗೆ ತುಂಬಿ ಪರೀಕ್ಷೆಗೆ ಕಳಿಸ್ತಾರೆ.”

ಕಸಿಲ್ದಾಳ ಕರುಳು ಚುರುಕ್ಕೆಂದಿತು. ಮೊದಲು ಅವನಿಗೆ ಕರಬೂಜದ ಪಾನಕ ಕೊಟ್ಟಳು. ಅವನು ಗಟಗಟನೆ ಕುಡಿದು, ಇನ್ನೊಂದು ಲೋಟ ಕೊಟ್ಟದ್ದನ್ನೂ ಕುಡಿದು, ಕಣ್ಣರಳಿಸಿ, “ಅಮ್ಮ, ಮನೇಲಿ ಹಿಡಿದಿಟ್ಟ ನಲ್ಲಿ ನೀರು ಒಂದಿಷ್ಟು ಇದ್ಯಾ? ಅದೇ ಆದ್ರೂ ಆಗತ್ತೆ,” ಎಂದ.

ಇತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲೇ, ಹುಣಸೆ ಪಾನಕದ ದಿನ ಹಿಡಿದ ಒಂದು ಬಕೆಟು ನೀರು, ತಳದಲ್ಲಿ ಬೆರಳು ಗಾತ್ರದ ಗಸಿ, ಮೇಲೆ ಎಣ್ಣೆಯಂಥ ಕೆನೆ. ಕಸಿಲ್ದಾ ಬಕೆಟು ನೋಡಿದಳು. ಅವನು ಡಬ್ಬದಿಂದ ತೆಗೆದ ಬಾಟಲಿ ನೋಡಿದಳು. ಎಷ್ಟು ಸ್ವಚ್ಛವಾದ ಬಾಟಲಿ! ಅವಳು ತಿಕ್ಕಿದ ಲೋಟಗಳೂ ಅಷ್ಟು ಹೊಳೆಯುತ್ತಿರಲಿಲ್ಲ. ಅದಕ್ಕೆ ಈ ಬಗ್ಗಡ ಸುರಿಯುವುದೇ? ಪರಸ್ಥಳದ ಮನುಷ್ಯ, ಬಿಸಿಲಲ್ಲಿ ಗುಡ್ಡ ಹತ್ತಿ ಬಂದವನು, ಇವಳ ಮನೆಯಿಂದ ಒಯ್ದದ್ದು ಇದು ಎಂದು ನಾಲ್ಕು ಜನ ಓದಿದವರ ಮುಂದೆ ಇಡುವುದೇ? ಅವಳ ಕಾಲು ಅವಳನ್ನು ಕೇಳದೆಯೇ ಬಕೆಟನ್ನು ಮೆಲ್ಲಗೆ ಪರದೆಯ ಹಿಂದಕ್ಕೆ ತಳ್ಳಿತು. ಕೈ ಅಡುಗೆಮನೆಯ ಮಣ್ಣಿನ ಹೂಜಿಯನ್ನು ಎತ್ತಿತು.

ಆ ಹೂಜಿಯಲ್ಲಿದ್ದದ್ದು ಅವಳು ಕುಡಿಯುವ ನೀರು. ಸೋಸಿ, ಕಾಯಿಸಿ, ಆರಿಸಿ, ಏನೇನೋ ಆರೈಕೆ ಮಾಡಿ ತುಂಬಿಟ್ಟದ್ದು. ಬಂದವರಿಗೆ ಕೊಡುವುದೂ ಅದನ್ನೇ.

“ಇದು ನಲ್ಲಿ ನೀರೇ ತಾನೇ ಅಮ್ಮ?”

“ಮತ್ತೆ? ನಮ್ಮನೆಗೆ ನೀರು ಬೇರೆ ಎಲ್ಲಿಂದ ಬರತ್ತೆ?”

ಸುಳ್ಳೇನೂ ಹೇಳಲಿಲ್ಲ ಅವಳು. ಕಾಯಿಲೆಗೆ ಬಣ್ಣ ಇರುವುದಿಲ್ಲವಲ್ಲ, ಇವರ ಹತ್ತಿರ ಯಂತ್ರಗಳಿವೆ, ಒಳಗಿರುವ ಕೆಡುಕನ್ನು ಅವೇ ಹುಡುಕಿಕೊಳ್ಳುತ್ತವೆ ಎಂದು ತನ್ನ ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡಳು. ವೆನ್ಸೆಸ್ಲಾವೊ ಬಾಟಲಿಗಳನ್ನು ತುಂಬಿಕೊಂಡು, ಐಸಿನಲ್ಲಿ ಹೂತು, “ನೀವು ನನ್ನ ಮಾನ ಉಳಿಸಿದ್ರಿ” ಎಂದು ಹೇಳಿ ಗುಡ್ಡ ಇಳಿದ. ಅವನ ಕೈಯಲ್ಲಿ ತಮಾಲ್ ಎಂಬ ಜೋಳದ ಹಿಟ್ಟಿನ ಎರಡು ಸಿಹಿ ಕಡುಬು ಕಟ್ಟಿ ಕೊಡುವುದನ್ನೂ ಅವಳು ಮರೆಯಲಿಲ್ಲ.

ಫಲಿತಾಂಶ ಬಂದ ಬೆಳಿಗ್ಗೆ ಅಬುಂದಿಯೊ ಗಲ್ಲಿಯ ನಡುವೆ ನಿಂತು ಧ್ವನಿವರ್ಧಕ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. “ಕಚೇರಿಯೋರು ಫೋನ್ ಮಾಡಿದ್ರು. ನಮ್ಮ ಗಲ್ಲಿ ನೀರು... ಅತ್ಯುತ್ತಮ ಅಂತೆ.”

ಮಾತು ಗೋಡೆಗಳಿಗೆ ಬಡಿದು ವಾಪಸು ಬಂತು: ಅತ್ಯುತ್ತಮ ಅಂತೆ, ಅಂತೆ.

“ಯಾವ ನೀರು?” ಎಂದಳು ಕೂಕಾ ಕಿಟಕಿಯಿಂದ.

“ನಮ್ಮದೇ! ಇಡೀ ವಲಯದಲ್ಲೇ ಇಂಥ ನೀರು ಕಂಡಿಲ್ಲವಂತೆ. ಇಲ್ಲಿಗೆ ಪೈಪು ಬೇಡವಂತೆ. ಅಷ್ಟೇ ಅಲ್ಲ, ಶುಕ್ರವಾರ ವಲಯದ ದೊಡ್ಡ ಅಧಿಕಾರಿ ಎವರಿಸ್ತೊ ಕಿಂತಾನಾರ್ ಸಾಹೇಬರೇ ಬಂದು, ಕ್ಯಾಮೆರಾ ಮುಂದೆ, ಕಸಿಲ್ದಾ ಮನೆ ನಲ್ಲಿಯಿಂದ ಒಂದು ಲೋಟ ನೀರು ಕುಡಿದು ತೋರಿಸ್ತಾರಂತೆ!”

ಗಲ್ಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುದುಕ, ಇಷ್ಟು ದಿನ ತನಗೆ ಹೊಟ್ಟೆ ಕೆಟ್ಟದ್ದು ಯಾವುದರಿಂದ ಹಾಗಾದರೆ ಎಂದು ಹೆಂಡತಿಯ ಕಡೆ ಅನುಮಾನದಿಂದ ತಿರುಗಿದ. ಕಸಿಲ್ದಾ ಬಾಗಿಲು ಮುಚ್ಚಿಕೊಂಡು, ಒರೆಸಿದ ನೆಲವನ್ನೇ ಮತ್ತೆ ಒರೆಸತೊಡಗಿದಳು.

ಕೂಕಾ ಬಾಗಿಲು ತಟ್ಟಲಿಲ್ಲ, ನೂಕಿಕೊಂಡೇ ಒಳಗೆ ಬಂದಳು. “ಕೊಮಾದ್ರೆ, ಇಲ್ಲಿ ನನ್ನ ಮುಖ ನೋಡು. ಏನು ಕೊಟ್ಟೆ ಆ ಮನುಷ್ಯನಿಗೆ?”

“ನೀರು.”

“ಯಾವುದರಿಂದ?”

ಕಸಿಲ್ದಾ ಹೂಜಿಯ ಕಡೆ ನೋಡಿದಳು. ಕೂಕಾಳೂ ನೋಡಿದಳು. ಆಮೇಲೆ ಕೂಕಾ ಕುರ್ಚಿ ಎಳೆದುಕೊಂಡು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ಕೊಳಕು ಬೇಕು ಅಂತ ಕೇಳ್ಕೊಂಡು ಬಂದೋನಿಗೆ ಪನ್ನೀರು ಕೊಟ್ಟು ಕಳಿಸಿದೆಯಲ್ಲೇ ಮಾರಾಯ್ತಿ!”

“ಬಂದೋರಿಗೆ ಆ ಬಕೆಟು ನೀರು ಹೇಗೆ ಕೊಡ್ಲಿ ಕೊಮಾದ್ರೆ? ನೀನಾಗಿದ್ರೆ ಕೊಡ್ತಿದ್ಯಾ?”

“ನಾನಾಗಿದ್ರೆ ಪಾರಿವಾಳದ ಸಮೇತ ಕೊಡ್ತಿದ್ದೆ!” ಕೂಕಾ ಕಣ್ಣೊರೆಸಿಕೊಂಡು ಗಂಭೀರಳಾದಳು. “ಕೇಳು. ಕೆಟ್ಟಿದ್ದನ್ನ ಸರಿ ಮಾಡೋಕೆ ಶುಕ್ರವಾರ ಇದೆ. ಆ ದೊಡ್ಡ ಮನುಷ್ಯ ಬರ್ತಾನೆ, ನಲ್ಲಿ ತಿರುಗಿಸ್ತೀಯ, ಬಂದದ್ದನ್ನ ಬಂದ ಹಾಗೆ ಲೋಟಕ್ಕೆ ಹಿಡಿದು ಕೊಡ್ತೀಯ. ಸೋಸೋದಿಲ್ಲ, ಕಾಯಿಸೋದಿಲ್ಲ, ಮಾತಾಡೋದಿಲ್ಲ. ಅವನು ಕುಡೀತಾನೆ. ಕುಡಿದ ಮೇಲೆ ಅವನ ಹೊಟ್ಟೇನೇ ನಮ್ಮ ಪರವಾಗಿ ಮಾತಾಡತ್ತೆ.”

“ಕಾಯಿಲೆ ಬಿದ್ರೆ?”

“ಬೀಳ್ಲಿ! ಅದಕ್ಕೇ ತಾನೆ ಕುಡಿಸ್ತಿರೋದು?”

“ಪಾಪ ಕಣೇ.”

“ಲಿಯೊನೆಲ್ ಬೇಕೋ, ಬೇಡ್ವೋ ನಿಂಗೆ?”

ಕಸಿಲ್ದಾ ನೆಲ ಒರೆಸುವ ಬಟ್ಟೆಯನ್ನು ಹಿಂಡಿ ಹಿಂಡಿ, ಕಡೆಗೆ ಸಣ್ಣ ದನಿಯಲ್ಲಿ, “ಬೇಕು,” ಎಂದಳು.

ಶುಕ್ರವಾರ ಗಲ್ಲಿಗೆ ಬಣ್ಣದ ಕಾಗದದ ತೋರಣ ಕಟ್ಟಿದ್ದರು. ಕಚೇರಿಯವರು ಈ ಸಲ ನಲ್ಲಿ ಸುಯ್ಯೆನ್ನಬಾರದೆಂದು ಕೆಳಗಿನ ದೊಡ್ಡ ವಾಲ್ವನ್ನು ಪೂರ್ತಿ ತಿರುಗಿಸಿಟ್ಟಿದ್ದರು. ವರ್ಷಗಟ್ಟಲೆ ತೊಟ್ಟಿಕ್ಕುವ ನೀರಿಗೆ ಒಗ್ಗಿಹೋಗಿದ್ದ ಆ ಮುದಿ ಪೈಪು ಬೆಳಗಿನಿಂದಲೇ ನೆಲದಡಿಯಲ್ಲಿ ಢಬಢಬ ಬಡಿದುಕೊಳ್ಳುತ್ತಿತ್ತು. ಅದು ಒಳ್ಳೆಯ ಲಕ್ಷಣವೆಂದು ಕಚೇರಿಯವರು ತಿಳಿದರು.

ಕಿಂತಾನಾರ್ ಬಂದ. ಎಲ್ಲರೂ ‘ಲಿಸೆನ್ಸಿಯಾದೊ’ ಎಂದು ಗೌರವದಿಂದ ದಾರಿ ಬಿಟ್ಟರು. ಕಸಿಲ್ದಾ ಅವನನ್ನು ಒಬ್ಬ ಕೊಬ್ಬಿದ ದೊಡ್ಡ ಮನುಷ್ಯನೆಂದು ಊಹಿಸಿ, ಅಂಥವನಿಗೆ ಕುಡಿಸಲು ರಾತ್ರಿಯೆಲ್ಲ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ನೋಡಿದರೆ ಅವನು ಬಡಕಲು ಮೈಯ, ಬೆಳ್ಳನೆ ಅಂಗಿ ತೊಟ್ಟ ಮನುಷ್ಯ. ಅವಳ ಮಗನಿಗಿಂತ ತುಸು ದೊಡ್ಡವನಿರಬಹುದು. ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡಿದ್ದಾನೆಂದು ತೋಳಿನ ಸುಕ್ಕು ನೋಡಿದರೆ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ಅವನು ಕಾಲೊರೆಸಿಕೊಂಡೇ ಒಳಗೆ ಬಂದ. ಅದನ್ನು ನೋಡಿ ಅವಳ ಮನಸ್ಸಿನ ಗಟ್ಟಿತನ ಅರ್ಧ ಕರಗಿತು.

“ಎಂಥಾ ಅಚ್ಚುಕಟ್ಟು ಮನೆ ಅಮ್ಮ ನಿಮ್ಮದು!” ಎಂದ. ಉಳಿದರ್ಧವೂ ಕರಗಿತು.

ಕೂಕಾ ಹಿಂದಿನಿಂದ ಅವಳ ಪಕ್ಕೆ ತಿವಿದಳು. “ಲೋಟ.”

ಅವನು ಕ್ಯಾಮೆರಾದ ಕಡೆ ತಿರುಗಿ, ಈ ಗಲ್ಲಿಯ ನೀರಿನ ಬಗ್ಗೆ ತಪ್ಪು ಕಲ್ಪನೆಯಿತ್ತೆಂದೂ, ವಿಜ್ಞಾನ ಅದನ್ನು ನಿವಾರಿಸಿದೆಯೆಂದೂ ನಾಲ್ಕು ಮಾತು ಹೇಳಿದ. ಪಾಪ, ನಂಬಿಯೇ ಹೇಳಿದ. ಐಸ್ ಡಬ್ಬದ ವೆನ್ಸೆಸ್ಲಾವೊ ಅವನ ಹಿಂದೆ ಹೆಮ್ಮೆಯಿಂದ ನಿಂತಿದ್ದ. ಕಸಿಲ್ದಾ ನಲ್ಲಿ ತಿರುಗಿಸಿದಳು.

ನಲ್ಲಿ ಕೆಮ್ಮಿತು. ಒಮ್ಮೆ ಉಗುಳಿತು. ಆಮೇಲೆ ಇಡೀ ಗೋಡೆ ನಡುಗುವ ಹಾಗೆ ಅಬ್ಬರಿಸಿ, ಹಳೆಯ ಪೈಪಿನ ಹೊಟ್ಟೆಯಲ್ಲಿದ್ದ ತುಕ್ಕನ್ನೆಲ್ಲ ಹೊತ್ತುಕೊಂಡು ಬಂತು. ಇದು ಹುಣಸೆಯೂ ಅಲ್ಲ, ದಾಸವಾಳವೂ ಅಲ್ಲ. ಗಲ್ಲಿಯವರು ಇದುವರೆಗೆ ಹೆಸರಿಡದೆ ಇದ್ದ ಬಣ್ಣ. ಕೊಳೆತ ಮೊಟ್ಟೆಯ ನಾತ ಅಂಗಳ ತುಂಬಿತು. ಲೋಟ ತುಂಬಿದಾಗ ಅದರೊಳಗೆ ದಾರದಂಥ ಏನೋ ಒಂದು ನಿಧಾನವಾಗಿ ಸುತ್ತು ಹೊಡೆಯುತ್ತಿತ್ತು.

ಕಿಂತಾನಾರ್ ಲೋಟ ಹಿಡಿದುಕೊಂಡು ಅದರೊಳಗೆ ಇಣುಕಿದ. “ಇದು... ಖನಿಜಾಂಶ,” ಎಂದ.

“ಓಹೋ, ಖನಿಜ ಮೈಗೆ ಬಹಳ ಒಳ್ಳೇದು ಲಿಸೆನ್ಸಿಯಾದೊ!” ಎಂದು ಅಬುಂದಿಯೊ ಧ್ವನಿವರ್ಧಕದಲ್ಲಿ ಅವನ ಕಿವಿಯ ಪಕ್ಕದಲ್ಲೇ ಕೂಗಿದ. “ಕುಡೀರಿ! ನಾವು ದಿನಾ ಅದರಲ್ಲೇ ಮುಖ ತೊಳೆಯೋದು!”

“ಆ ದಾರ ಹಲ್ಲಿಗೆ ಸಿಕ್ರೆ ಹೆದರ್ಬೇಡಿ,” ಎಂದಳು ಕೂಕಾ, “ನಮಗೆಲ್ಲ ಅಭ್ಯಾಸ ಆಗಿದೆ.”

ಜನ ನಕ್ಕರು. ಕ್ಯಾಮೆರಾ ಹಿಡಿದ ಹುಡುಗಿ ಒಂದು ಹೆಜ್ಜೆ ಹತ್ತಿರ ಬಂದಳು. ಅವನು ವೆನ್ಸೆಸ್ಲಾವೊನ ಕಡೆ ತಿರುಗಿದ. ವೆನ್ಸೆಸ್ಲಾವೊ ಆಕಾಶದ ಕಡೆ ತಿರುಗಿದ. ಹಿಂದೆ ಹೋಗಲು ದಾರಿಯಿಲ್ಲದೆ ಕಿಂತಾನಾರ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿ, ಕಣ್ಣು ಬಿಗಿಯಾಗಿ ಮುಚ್ಚಿ, ಲೋಟವನ್ನು ತುಟಿಗೆ ತಂದ.

ಕಸಿಲ್ದಾಳಿಗೆ ಆ ಮುಚ್ಚಿದ ಕಣ್ಣು ಕಂಡಿತು. ಹರಳೆಣ್ಣೆ ಕುಡಿಸುವಾಗ ರುತೀಲಿಯೊ ಹೀಗೆಯೇ ಕಣ್ಣು ಮುಚ್ಚುತ್ತಿದ್ದ. ಬಾಯಿ ಮುಚ್ಚಿಕೊಂಡಿರು, ಲಿಯೊನೆಲ್, ಪೈಪು, ಲಿಯೊನೆಲ್ ಎಂದು ಅವಳು ಒಳಗೊಳಗೇ ಹೇಳಿಕೊಂಡಳು. ಆದರೆ ಅವಳ ಕೈ ಆಗಲೇ ಹೋಗಿ ಅವನ ಬಾಯಿಂದ ಲೋಟ ಕಸಿದುಕೊಂಡಿತ್ತು.

“ಬೇಡ ಮಗನೇ! ಉಗಿ! ಏನಾದ್ರೂ ಬಾಯಿಗೆ ಹೋಗಿದ್ರೆ ಉಗಿ!”

ಅರ್ಧ ನೀರು ಅವನ ಬಿಳಿ ಅಂಗಿಯ ಮೇಲೆ ಚೆಲ್ಲಿತು.

“ಅಯ್ಯೋ ಕೆಟ್ಟೆವು!” ಎಂದು ಕೂಕಾ ತಲೆಗೆ ಕೈ ಹೊತ್ತಳು. “ಒಂದೇ ಒಂದು ಗುಟುಕಿಗಾದ್ರೂ ಬಿಡಬಾರದಾಗಿತ್ತೇನೇ!”

ಕ್ಯಾಮೆರಾ ಹುಡುಗಿ ಮೈಕನ್ನು ಕಸಿಲ್ದಾಳ ಮುಂದೆ ಹಿಡಿದಳು. “ಯಾಕಮ್ಮ ಕಿತ್ಕೊಂಡ್ರಿ?”

“ಯಾಕೆ ಅಂದ್ರೆ?” ಕಸಿಲ್ದಾ ಕೈಯಲ್ಲಿದ್ದ ಲೋಟ ನೋಡಿದಳು. ಅವಳು ಇಷ್ಟು ವರ್ಷ ತನ್ನ ಬಾಯಿಂದ ಬಾರದ ಹಾಗೆ ಕಾಪಾಡಿಕೊಂಡು ಬಂದಿದ್ದ ಮಾತು ಅದು. “ನಮ್ಮನೆ ನೀರು ಕೆಟ್ಟದ್ದು. ಅದಕ್ಕೆ.”

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಮನೆ ಕುಸಿಯಲಿಲ್ಲ, ನೆಲ ಕೊಳೆಯಾಗಲಿಲ್ಲ. ಹಾಗಾಗಿ ಮುಂದಿನದೂ ಬಂತು. “ಈ ನೀರಲ್ಲಿ ಮೀಯಿಸಿ ನನ್ನ ಮೊಮ್ಮಗನ ಮೈಯೆಲ್ಲ ದದ್ದೆದ್ದಿತ್ತು. ಸೊಸೆ ಹೇಳಿದ್ಲು, ನೀರಿಂದ ಅಂತ. ನಾನು ಅವಳ ಮೇಲೇ ರೇಗಿದೆ. ಅವಳು ಹೇಳಿದ್ದು ಸರಿಯಾಗಿತ್ತು. ನಮ್ಮ ಮಗೂಗೆ ಬೇಡದ್ದು ಇನ್ನೊಬ್ಬ ತಾಯಿ ಮಗನಿಗ್ಯಾಕೆ?”

ಕಿಂತಾನಾರ್ ಅಂಗಿ ಒರೆಸಿಕೊಳ್ಳುತ್ತ, ಇನ್ನೂ ಅರ್ಥವಾಗದವನಂತೆ ಕೇಳಿದ: “ಅಮ್ಮ, ಹಾಗಾದ್ರೆ ನಮ್ಮ ಪರೀಕ್ಷೇಲಿ ನೀರು ಅಷ್ಟು ಚೆನ್ನಾಗಿ ಹೇಗೆ ಬಂತು?”

ಕಸಿಲ್ದಾಳ ಮುಖ ಅರಳಿತು. ಅಡುಗೆ ಚೆನ್ನಾಗಿದೆ, ಹೇಗೆ ಮಾಡಿದಿರಿ ಎಂದು ಕೇಳಿದ ಹಾಗೆ ಕೇಳಿಸಿತು ಅವಳಿಗೆ.

“ಮೊದಲು ನೀರನ್ನ ಡ್ರಮ್ಮಲ್ಲಿ ನಿಲ್ಲಿಸ್ಬೇಕು. ಒಂದು ಎಳೇ ಪಾಪಸುಕಳ್ಳಿ ಎಲೆ ತಗೊಂಡು, ಮುಳ್ಳು ಕೆರೆದು, ಸೀಳಿ, ಅದರಲ್ಲಿ ನೀರು ತಿರುವ್ಬೇಕು. ಅದರ ಲೋಳೆ ಕೊಳೇನೆಲ್ಲ ತಬ್ಬಿಕೊಂಡು ಕೆಳಗೆ ಕೂತ್ಕೊಳತ್ತೆ. ಅವಸರ ಮಾಡಬಾರದು. ಮೇಲಿನ ತಿಳಿ ಮಾತ್ರ ತೆಗೀಬೇಕು. ಹಿಟ್ಟಿನ ಚೀಲದ ಬಟ್ಟೆ ಮಡಿಸಿ ಸೋಸ್ಬೇಕು. ಆಮೇಲೆ ಮುಚ್ಚಳ ಕುಣಿಯೋ ತನಕ ಕುದಿಸ್ಬೇಕು. ಆರಿದ ಮೇಲೆ, ಸೊಪ್ಪು ತೊಳೆಯೋಕೆ ಅಂಗಡೀಲಿ ಸಿಗೋ ಔಷಧಿ ಇದ್ಯಲ್ಲ, ಅದು ಕೆಲವು ಹನಿ. ಆಮೇಲೆ ಹೂಜಿಗೆ.”

“ನಾನು ಪಟಿಕ ಹಾಕ್ತೀನಿ,” ಎಂದಳು ಹಿಂದಿನ ಸಾಲಿನ ಒಬ್ಬಳು.

“ಪಟಿಕ ಹಾಕಿದ್ರೆ ಒಗರು ಬರತ್ತೆ,” ಎಂದಳು ಇನ್ನೊಬ್ಬಳು. “ಕಳ್ಳೀನೇ ಸರಿ. ಆದ್ರೆ ಇವಳು ಎರಡು ಸಲ ಸೋಸಲ್ಲ, ಅದು ತಪ್ಪು.”

“ಯಾರು ಸೋಸಲ್ಲ? ನೆಂಟರು ಬಂದ್ರೆ ಎರಡು ಸಲ ಸೋಸ್ತೀನಿ!”

ಹೆಂಗಸರಲ್ಲಿ ವಾದ ಶುರುವಾಯಿತು. ಕಿಂತಾನಾರ್ ಅದರ ನಡುವೆ ನಿಂತು ನಿಧಾನವಾಗಿ ಹೇಳಿದ: “ಅಂದ್ರೆ ನಮ್ಮ ಪ್ರಯೋಗಾಲಯ ಹೊಗಳಿದ್ದು ನಮ್ಮ ನೀರನ್ನಲ್ಲ. ಈ ಅಮ್ಮನ ಅಡುಗೇನ.” ಆಮೇಲೆ ಕತ್ತು ತಿರುಗಿಸದೆಯೇ ಕರೆದ: “ವೆನ್ಸೆಸ್ಲಾವೊ.”

“ಬಾಯಾರಿತ್ತು ಸಾಹೇಬ್ರೇ,” ಎಂದ ವೆನ್ಸೆಸ್ಲಾವೊ ಡಬ್ಬದ ಹಿಂದಿನಿಂದ. “ಇವರು ಬಹಳ ಒಳ್ಳೆಯವರು.”

ಎಲ್ಲರೂ ನೋಡುತ್ತಿರುವಾಗಲೇ ಇನ್ನೊಮ್ಮೆ ನಲ್ಲಿಯ ಮೂತಿ ಸುಟ್ಟು, ಆ ಹೆಸರಿಲ್ಲದ ಬಣ್ಣದ ನೀರನ್ನು ಬಾಟಲಿಗಳಿಗೆ ತುಂಬಿದರು. ಅಷ್ಟು ಹೊಳೆಯುವ ಬಾಟಲಿಗೆ ಅಂಥದ್ದು ಬೀಳುವುದನ್ನು ನೋಡಲಾರದೆ ಕಸಿಲ್ದಾ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಕೂಕಾ ಅವಳ ಎರಡೂ ಕೈ ಹಿಡಿದುಕೊಂಡಿದ್ದಳು, ಯಾವುದಕ್ಕೂ ಇರಲಿ ಎಂದು. ಕಿಂತಾನಾರ್ ಹೊರಡುವಾಗ ಅವನ ಅಂಗಿ ಬಿಚ್ಚಿಸಿ ಒಗೆದು ಕೊಡುತ್ತೇನೆಂದು ಕಸಿಲ್ದಾ ಹಟ ಹಿಡಿದಳು. “ಯಾವ ನೀರಲ್ಲಿ ಅಮ್ಮ?” ಎಂದು ಅವನು ಕೇಳಿದ. ಮೊದಲ ಸಲ ಅವಳೂ ಗಲ್ಲಿಯವರ ಜೊತೆ ಸೇರಿ ನಕ್ಕಳು.

ಸಂಜೆಗೆ ಯಾದಿರಾಳ ಫೋನು ಬಂತು. ಲೋಟ ಕಿತ್ತುಕೊಂಡ ದೃಶ್ಯ ಆಗಲೇ ನಗರದ ಅರ್ಧ ಮೊಬೈಲುಗಳಲ್ಲಿ ಓಡಾಡುತ್ತಿತ್ತು.

“ಅತ್ತೆ, ನೋಡಿದೆ.”

“ನನ್ನ ಏಪ್ರನ್ ಸುಕ್ಕಾಗಿ ಕಾಣ್ತಿತ್ತಾ?”

“ಇಲ್ಲ ಅತ್ತೆ, ನೀಟಾಗಿತ್ತು.” ಆ ಕಡೆ ಲಿಯೊನೆಲ್ ಏನೋ ತೊದಲಿದ. “ಭಾನುವಾರ ಬರ್ತೀವಿ ನಾವು.”

ಕಸಿಲ್ದಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಪೈಪು ಇನ್ನೂ ಬಂದಿಲ್ಲ ಮಗಳೇ. ನೀರು ಹಾಗೇ ಇದೆ. ಇವತ್ತಂತೂ ಇನ್ನೂ ಕೆಟ್ಟಿದೆ.”

“ಹೀಗೆ ಹೇಳ್ತೀರಲ್ಲ, ಅದು ಸಾಕು ನಂಗೆ. ಅವತ್ತೂ ನೀರಿಗಲ್ಲ ನಾನು ಹೆದರಿದ್ದು. ನೀರಿಗೆ ಏನೂ ಆಗಿಲ್ಲ ಅಂದ್ರಲ್ಲ, ಅದಕ್ಕೆ. ಗುರುತಿಲ್ಲದ ಮನುಷ್ಯನ ಬಾ​ಯಿಂದ ಲೋಟ ಕಿತ್ಕೊಂಡೋರು ನನ್ನ ಮಗೂನ ಮತ್ತೆ ಆ ನೀರಲ್ಲಿ ಕೂರಿಸೋದಿಲ್ಲ.”

ಕಚೇರಿಯವರು ಕ್ಯಾಮೆರಾಗೆ ಹೆದರಿಯೋ ಏನೋ, ಶನಿವಾರವೇ ಬಂದು ಗಲ್ಲಿಯುದ್ದಕ್ಕೂ ಅಗೆದರು. ಅಗೆದ ಮೇಲೆ, ಪೈಪು ಸೋಮವಾರ ಬರುತ್ತದೆ ಎಂದು ಹೇಳಿ ಹೋದರು. ಯಾವ ಸೋಮವಾರ ಎಂದು ಅಬುಂದಿಯೊ ಧ್ವನಿವರ್ಧಕದಲ್ಲಿ ಕೂಗಿ ಕೇಳಿದ್ದು ಅವರಿಗೆ ಕೇಳಿಸಲಿಲ್ಲ.

ಹಾಗಾಗಿ ಭಾನುವಾರ ಯಾದಿರಾ ಕಸಿಲ್ದಾಳ ಬಾಗಿಲಿಗೆ ಬಂದಾಗ ನಡುವೆ ಒಂದಾಳುದ್ದದ ಕಾಲುವೆಯಿತ್ತು, ಅದರ ಮೇಲೊಂದು ಹಲಗೆ. ರುತೀಲಿಯೊ ಒಂದು ಕೈಯಲ್ಲಿ ದೊಡ್ಡ ಕ್ಯಾನು ನೀರು ಹೊತ್ತು ಹಿಂದೆ ನಿಂತಿದ್ದ. ತನ್ನ ಮನೆಗೆ ಬರುವವರು ನೀರು ಹೊತ್ತುಕೊಂಡು ಬರುವುದನ್ನು ನೋಡಿ ಕಸಿಲ್ದಾಳ ಹಳೆಯ ನಾಚಿಕೆ ಮತ್ತೆ ತಲೆಯೆತ್ತಿತು. ಅವಳು ಅದನ್ನು ನುಂಗಿಕೊಂಡಳು. “ಅಡುಗೆಮನೇಲಿಡು ಮಗಾ, ಅದನ್ನೂ ಒಂದು ಕುದಿ ಕುದಿಸೋಣ,” ಎಂದಳು.

“ಅದು ಅಂಗಡಿ ನೀರು ಅತ್ತೆ, ಶುದ್ಧವಾಗಿದೆ,” ಎಂದಳು ಯಾದಿರಾ.

“ಇರ್ಲಿ ಬಿಡು, ನನ್ನ ಸಮಾಧಾನಕ್ಕೆ.”

ಯಾದಿರಾ ಹಲಗೆಯ ನಡುವೆ ನಿಂತು ಕೂಸನ್ನು ಮುಂದಕ್ಕೆ ಚಾಚಿದಳು. ಕಸಿಲ್ದಾ ಕಾಲುವೆಯ ಅಂಚಿನಿಂದ ಬಾಗಿ ಎತ್ತಿಕೊಂಡಳು. ಎಷ್ಟು ಭಾರವಾಗಿದ್ದಾನೆ! ಮೊಬೈಲಿನಲ್ಲಿ ಭಾರ ಗೊತ್ತೇ ಆಗಿರಲಿಲ್ಲ. ಲಿಯೊನೆಲ್ ಅಜ್ಜಿಯ ಮೂಗು ಹಿಡಿದು, ತನ್ನ ಮೂರು ಹಲ್ಲು ತೋರಿಸಿ, ಇಸ್ತ್ರಿ ಹಾಕಿದ ಏಪ್ರನ್ನಿನ ಮೇಲೆ ಬೆಚ್ಚಗೆ, ಧಾರಾಳವಾಗಿ ಉಚ್ಚೆ ಹೊಯ್ದ.

ಪಕ್ಕದ ಕಿಟಕಿಯಿಂದ ಕೂಕಾ ಕೂಗಿದಳು: “ಕೊಮಾದ್ರೆ! ಬಣ್ಣ ಹೇಗಿದೆ ನೋಡು, ನಮ್ಮ ನಲ್ಲಿಗಿಂತ ತಿಳಿಯಾಗಿದೆ!”